ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ತಲೆನೋವು ಎಷ್ಟು ಮಂದಿಗೆ? ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗ್ತಿದೆ

ಕಡತ_ಕೈಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಮುದಾಯ ವೈದ್ಯಶಾಸ್ತ್ರದ ಪಿಜಿ ಪ್ರಬಂಧಕ್ಕೆ ಹಿಡಿದಿರುವ ವಿಷಯ ಇದು: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ತಲೆನೋವು ಎಷ್ಟರ ಮಟ್ಟಿಗೆ ಇದೆ. ಒಂದೇ ಕ್ಯಾಂಪಸ್ಸು, ಕಲೆ, ವಿಜ್ಞಾನ, ವಾಣಿಜ್ಯ, ಎಂಜಿನಿಯರಿಂಗ್ ಎಲ್ಲ ಸೇರಿ ಸುಮಾರು 2,400 ಮಂದಿ. ಅರ್ಧಕ್ಕಿಂತ ಹೆಚ್ಚು ಹಾಸ್ಟೆಲ್‌ನವರು.

ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. 2016ರ ಒಂದು ಮೆಟಾ-ಅನಾಲಿಸಿಸ್ 56 ಅಧ್ಯಯನಗಳ ಸುಮಾರು 35 ಸಾವಿರ ವಿದ್ಯಾರ್ಥಿಗಳನ್ನು ಒಟ್ಟು ಹಾಕಿ ಮೈಗ್ರೇನ್ ಶೇ 16.1 ಅನ್ನುತ್ತದೆ. ಬಿಡಿ ಅಧ್ಯಯನ ತೆಗೆದರೆ ಅದರ ಅರ್ಧ ಇರುವುದೂ ಸಿಗುತ್ತದೆ, ಎರಡರಷ್ಟು ಇರುವುದೂ ಸಿಗುತ್ತದೆ. ಬರೀ ‘ತಲೆನೋವು’ ಅಂತ ಕೇಳಿದ ಕಡೆ ಹೆಚ್ಚುಕಡಿಮೆ ಎಲ್ಲರೂ ಹೌದು ಅಂದಿದ್ದಾರೆ. ನನ್ನ ಪೈಲಟ್ (ಪೂರ್ವಪರೀಕ್ಷೆಯ) ಫಾರ್ಮಿನ ಗತಿಯೂ ಅದೇ.

ಕೇಳಬೇಕಾದ್ದು ನಾಲ್ಕು. ನನ್ನ ಲೆಕ್ಕವನ್ನು ಯಾವ ಸಂಖ್ಯೆಯ ಪಕ್ಕ ಇಟ್ಟು ನೋಡಬೇಕು? ತರಗತಿಯ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿದರೆ ಸಾಕಾ? ಮೈಗ್ರೇನ್ ಹಿಡಿಯೋಕೆ ಚಿಕ್ಕ ಪ್ರಶ್ನಾವಳಿ ಐಡಿ-ಮೈಗ್ರೇನ್‌ನ ಮೂರು ಪ್ರಶ್ನೆ ಸಾಲುತ್ತಾ? ಕೊನೆಯದು, ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಸಿದ್ದೇನೆ, ‘ನಿಮ್ಮ ಶಿರೋವೇದನೆಯು ಸ್ಪಂದನಾತ್ಮಕವಾಗಿದೆಯೇ?’ ಅಂತ ಬಂದಿದೆ. ಓದಿದವರು ನಗ್ತಾರೆ. ಏನು ಮಾಡಲಿ?

ಛೇದ_ಮುಖ್ಯ

ಆ ಸಂಖ್ಯೆಗಳು ಒಂದಕ್ಕೊಂದು ಜಗಳ ಆಡ್ತಿಲ್ಲ. ಕೇಳಿದ ಪ್ರಶ್ನೆಯೇ ಬೇರೆ ಬೇರೆ.

ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳಿ. ನಿಮ್ಹಾನ್ಸ್‌ನವರು ‘ಲಿಫ್ಟಿಂಗ್ ದ ಬರ್ಡನ್’ ಅನ್ನುವ ತಲೆನೋವಿನ ಅಂತರರಾಷ್ಟ್ರೀಯ ಸಂಸ್ಥೆ ಜತೆ ಸೇರಿ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ಕೇಳಿದರು. 2015ರಲ್ಲಿ ಪ್ರಕಟವಾಯಿತು. ಕಳೆದ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ 63.9. ಮೈಗ್ರೇನ್ ಶೇ 25.2. ‘ನಿನ್ನೆ ತಲೆನೋವಿತ್ತಾ?’ ಅಂದರೆ ಶೇ 5.9. ಜನ ಅವರೇ, ಮನೆ ಅದೇ, ಸಂದರ್ಶಕರೂ ಅವರೇ. ಹುಟ್ಟಿದಾಗಿನಿಂದ ಯಾವತ್ತಾದರೂ ಬಂದಿದೆಯಾ ಅಂತ ಕೇಳಿದ್ದರೆ ಬಹುತೇಕ ಎಲ್ಲರೂ ಹೌದು ಅನ್ನುತ್ತಿದ್ದರು. ನಿಮ್ಮ ಪೈಲಟ್‌ನಲ್ಲಿ ಆಗಿರುವುದು ಇದೇ ಇರಬೇಕು. ಪ್ರಶ್ನೆಯಲ್ಲಿ ಕಾಲಾವಧಿ ಹಾಕಿಲ್ಲ ಅನಿಸುತ್ತದೆ.

ಹಾಗಾಗಿ ಮೂರು ಅವಧಿ ಕೇಳಿ. ಕಳೆದ 12 ತಿಂಗಳು ಕೇಳುವುದು ಬೇರೆ ಅಧ್ಯಯನಗಳ ಪಕ್ಕ ಇಡೋಕೆ. ಕಳೆದ 3 ತಿಂಗಳು ಕೇಳುವುದು ಎಷ್ಟು ದಿನ ನೋವಿತ್ತು, ಎಷ್ಟು ತರಗತಿ ತಪ್ಪಿತು ಅನ್ನುವ ಲೆಕ್ಕಕ್ಕೆ. ನಿನ್ನೆಯ ಪ್ರಶ್ನೆ ನೆನಪಿನ ಮೋಸ ತಪ್ಪಿಸೋಕೆ. ಹಾರ್ಡ್‌ಶಿಪ್ ಅನ್ನುವ ಪ್ರಶ್ನಾವಳಿ ಇದೇ ರೀತಿ ಕಟ್ಟಿದ್ದು, ಅದನ್ನೇ ಆಧಾರ ಮಾಡಿಕೊಳ್ಳಿ. ಹೊಸದಾಗಿ ಚಕ್ರ ತಿರುಗಿಸೋ ಉಸಾಬರಿ ಬೇಡ.

ಒಂದು ಎಚ್ಚರಿಕೆ. ಹಾರ್ಡ್‌ಶಿಪ್ ಬಳಸುವ ಅಧ್ಯಯನಗಳು ‘ಖಚಿತ’ (ಎಲ್ಲ ಮಾನದಂಡ ಹೊಂದಿದ) ಮತ್ತು ‘ಸಂಭಾವ್ಯ’ (ಒಂದು ಮಾತ್ರ ಕಡಿಮೆ ಬಿದ್ದ) ಮೈಗ್ರೇನ್ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಕೊಡುತ್ತವೆ. ಖಚಿತ ಮಾತ್ರ ಎಣಿಸುವ ಅಧ್ಯಯನಗಳೂ ಬೇಕಾದಷ್ಟಿವೆ. ನೀವು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಟ್ಟರೆ ಯಾರು ಬೇಕಾದರೂ ಹೋಲಿಸಿಕೊಳ್ಳಬಹುದು.

ವಾಟ್ಸಾಪ್ ಫಾರ್ಮ್ ವಿಷಯ. ‘ತಲೆನೋವು ಸಮೀಕ್ಷೆ’ ಅಂತ ತಲೆಬರಹ ಹಾಕಿ ಬಿಟ್ಟರೆ ಯಾರು ತೆರೆಯುತ್ತಾರೆ? ತಲೆನೋವಿರುವವರು. ಲೆಕ್ಕ ಹಾಕಿ ನೋಡಿ: 1,000 ವಿದ್ಯಾರ್ಥಿಗಳು, ನಿಜವಾಗಿ 200 ಮಂದಿಗೆ ಮೈಗ್ರೇನ್ ಅಂದುಕೊಳ್ಳೋಣ, ಅಂದರೆ ಶೇ 20. ಅವರಲ್ಲಿ ಶೇ 60 ತುಂಬಿದರು, ಅಂದರೆ 120. ಉಳಿದ 800ರಲ್ಲಿ ಕಾಲು ಭಾಗ ತುಂಬಿದರು, 200. ನಿಮ್ಮ ಕೈಗೆ ಬಂದ 320ರಲ್ಲಿ 120 ಅಂದರೆ ಶೇ 37.5. ಯಾರೂ ಸುಳ್ಳು ಹೇಳಿಲ್ಲ, ಆದರೂ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಪ್ರತಿಕ್ರಿಯೆ 320ರ ಬದಲು 3,200 ಬಂದಿದ್ದರೂ ಈ ತಪ್ಪು ಹೋಗುವುದಿಲ್ಲ.

ಪರಿಹಾರ: ಹಾಜರಿ ಪುಸ್ತಕದಿಂದ ತರಗತಿ ವಿಭಾಗಗಳ ಪಟ್ಟಿ ಮಾಡಿ, ಚೀಟಿ ಎತ್ತಿದ ಹಾಗೆ ವಿಭಾಗಗಳನ್ನು ಆರಿಸಿ, ಆ ವಿಭಾಗದ ಎಲ್ಲರಿಗೂ ತರಗತಿಯಲ್ಲೇ ಕಾಗದದ ಫಾರ್ಮ್ ಕೊಡಿ. ತಲೆಬರಹ ‘ವಿದ್ಯಾರ್ಥಿ ಆರೋಗ್ಯ ಸಮೀಕ್ಷೆ’ ಅಂತಿರಲಿ. ಆ ದಿನ ಗೈರಾದವರನ್ನು ಬಿಡಬೇಡಿ. ತಲೆನೋವಿನಿಂದಲೇ ಬಾರದವರು ಆ ಪಟ್ಟಿಯಲ್ಲಿ ಇರುತ್ತಾರಲ್ಲ! ಒಂದು ವಾರದೊಳಗೆ ಇನ್ನೆರಡು ಸಲ ಹೋಗಿ ಅವರನ್ನು ಹಿಡಿಯಿರಿ.

ಗಾತ್ರ: ಕರ್ನಾಟಕದ ಶೇ 25 ಆಧಾರವಾಗಿಟ್ಟು, ಆಚೀಚೆ 4 ಬಿಂದು ನಿಖರತೆ ಬೇಕೆಂದರೆ 1.96 × 1.96 × 0.25 × 0.75 ÷ (0.04 × 0.04), ಅಂದರೆ 451. ಒಂದೇ ವಿಭಾಗದವರು ಒಂದೇ ವೇಳಾಪಟ್ಟಿ, ಒಂದೇ ಪರೀಕ್ಷೆ, ಒಂದೇ ಮೆಸ್ ಹಂಚಿಕೊಳ್ಳುತ್ತಾರೆ, ಅದಕ್ಕೆ 1.5ರಿಂದ ಗುಣಿಸಿ: 677. ಒಟ್ಟು ಇರುವುದೇ 2,400 ಆದ್ದರಿಂದ ತಿದ್ದುಪಡಿ ಹಾಕಿದರೆ 529ಕ್ಕೆ ಇಳಿಯುತ್ತದೆ. ನೂರರಲ್ಲಿ 15 ಮಂದಿ ಕೊಡುವುದಿಲ್ಲ ಅಂತಿಟ್ಟರೆ 620ರ ಸುಮಾರು. ಎಲ್ಲ ಕಡೆ ಕಣ್ಣುಮುಚ್ಚಿ 384 ಬರೆಯುವ ಚಾಳಿ ಇದೆ. ಅದು ಶೇ 50, ಆಚೀಚೆ 5 ಅನ್ನುವ ಲೆಕ್ಕ. ಗುಂಪು ಗುಂಪಾಗಿ ಆರಿಸುವಾಗ ಹೊಂದುವುದಿಲ್ಲ.

ಹುಡುಗ–ಹುಡುಗಿಯರ ಪ್ರಮಾಣವನ್ನೂ ನೋಡಿಕೊಳ್ಳಿ. ಹೆಂಗಸರಲ್ಲಿ ಮೈಗ್ರೇನ್ ಎರಡರಿಂದ ಮೂರು ಪಟ್ಟು. ನಮ್ಮ ಕರ್ನಾಟಕದ ಅಧ್ಯಯನದಲ್ಲೂ ಎರಡು ಪಟ್ಟಿನ ಹತ್ತಿರ. ಹುಡುಗರಲ್ಲಿ ಶೇ 10, ಹುಡುಗಿಯರಲ್ಲಿ ಶೇ 25 ಅಂತ ಊಹಿಸಿ. ನೂರಕ್ಕೆ 80 ಹುಡುಗಿಯರಿರುವ ನರ್ಸಿಂಗ್ ಕಾಲೇಜಿನಲ್ಲಿ ಒಟ್ಟು ಶೇ 22 ಬರುತ್ತದೆ. 20 ಮಾತ್ರ ಇರುವ ಮೆಕ್ಯಾನಿಕಲ್ ವಿಭಾಗದಲ್ಲಿ ಶೇ 13. ‘ನರ್ಸಿಂಗ್ ಓದು ತಲೆನೋವು ತರುತ್ತದೆ’ ಅಂತ ಇದರಿಂದ ತೀರ್ಮಾನಿಸಿದರೆ ಮುಗೀತು. ವಿದ್ಯಾರ್ಥಿಗಳ ಮೇಲಿನ ಅಧ್ಯಯನಗಳಲ್ಲಿ ಬಹಳಷ್ಟು ವೈದ್ಯಕೀಯ ವಿದ್ಯಾರ್ಥಿಗಳದ್ದೇ, ಸಂಶೋಧಕರ ಕೈಗೆ ಸಿಗುವವರು ಅವರೇ ಆದ್ದರಿಂದ. ಇಡೀ ವಿಶ್ವವಿದ್ಯಾಲಯಕ್ಕೆ ಅದನ್ನು ಹಚ್ಚುವಾಗ ಹುಷಾರಾಗಿ ಹಚ್ಚಿ.

ಸಾಧನಕೇರಿ_ಕಟ್ಟಿ

ಡಾಕ್ಟ್ರ, ಆ ‘ಸ್ಪಂದನಾತ್ಮಕ ಶಿರೋವೇದನೆ’ ಮೊದಲ ತಗದ ಒಗೀರಿ. ಪ್ರಶ್ನಾವಳಿ ಕನ್ನಡಕ್ಕ ತರೂದರಾಗ ಎಲ್ಲೆಲ್ಲಿ ಎಡವತಾರ ಹೇಳತೇನಿ.

ಮೊದಲನೇದು ‘ಅರೆತಲೆನೋವು’. ಪತ್ರಿಕಿಯೊಳಗ ಮೈಗ್ರೇನಿಗೆ ಇದ ಶಬ್ದ ಬರೀತಾರ. ಆದ್ರ ‘ನಿಮಗ ಅರೆತಲೆನೋವು ಅದ ಏನು?’ ಅಂತ ಕೇಳಿದ್ರ ಎರಡೂ ಕಡೆ ನೋಯುವವರು ‘ಇಲ್ಲ’ ಅಂತಾರ. ಶಬ್ದದಾಗ ‘ಅರೆ’ ಐತಿ ಅಲ್ಲ! ಮೈಗ್ರೇನ್ ಇದ್ದವರೊಳಗ ಎರಡೂ ಕಡೆ ನೋಯುವವರು ಕಡಿಮಿ ಏನಿಲ್ಲ. ಹೆಸರ ಕೇಳಬ್ಯಾಡ್ರಿ, ಲಕ್ಷಣ ಕೇಳ್ರಿ. ‘ಒಂದ ಕಡೆ ನೋಯ್ತದೋ, ಎರಡೂ ಕಡೆನೋ, ಒಂದೊಂದು ಸಲ ಒಂದೊಂದು ಕಡೆನೋ’ ಅಂತ ಮೂರು ಆಯ್ಕೆ ಕೊಡ್ರಿ.

ಇನ್ನ ‘ತಲೆನೋವು’ ಅನ್ನೂ ಶಬ್ದನ ಎಲ್ಲಾ ಕಡೆ ಒಂದ ತೂಕದ್ದಲ್ಲ. ನಮ್ಮ ಕಡೆ ‘ತಲಿ ಸಿಡೀತದ’, ‘ತಲಿ ಶೂಲಿ’, ‘ತಲಿ ಬ್ಯಾನಿ’, ‘ತಲಿ ಜಡ’ ಅಂತಾರ. ಮೈಸೂರ ಕಡೆ ‘ತಲೆ ಭಾರ’. ಮಂಗಳೂರಿನ ಹುಡುಗರು ಮನ್ಯಾಗ ತುಳು ಮಾತಾಡಿದ್ರ ‘ತರೆಬೇನೆ’. ‘ಜಡ’, ‘ಭಾರ’ ಅನ್ನವರು ಅದನ್ನ ನೋವು ಅಂತ ಎಣಸೂದ ಇಲ್ಲ, ಫಾರ್ಮಿನ್ಯಾಗ ‘ಇಲ್ಲ’ ಅಂತ ಗೀಟು ಹಾಕಿ ಮುಂದ ಹೋಗ್ತಾರ. ಬಿಗಿತದ ತಲೆನೋವು (ಟೆನ್ಶನ್ ತಲೆನೋವು) ಎಲ್ಲಾ ಅಲ್ಲೇ ಕಳದ ಹೋಗ್ತದ. ಅದಕ್ಕ ಮೊದಲ ಪ್ರಶ್ನಿ ಹಿಂಗಿರಲಿ: ‘ಕಳೆದ 12 ತಿಂಗಳಲ್ಲಿ ನಿಮಗೆ ತಲೆನೋವು, ತಲೆಸಿಡಿತ, ತಲೆಭಾರ ಅಥವಾ ತಲೆ ಬಿಗಿದಂತೆ ಆಗಿದೆಯೇ?’

‘ತಲಿ ಸುತ್ತು’ ಬ್ಯಾರೆ, ಅದನ್ನ ಇದರಾಗ ಕೂಡಸಬ್ಯಾಡ್ರಿ. ‘ಪರೀಕ್ಷಾ ಒಂದ್ ದೊಡ್ಡ ತಲಿನೋವು’ ಅನ್ನೂದು ಇನ್ನೂ ಬ್ಯಾರೆ, ಪೈಲಟ್‌ನ್ಯಾಗ ಅದನ್ನೂ ಬರದವರು ಇರತಾರ.

ನೋವಿನ ಗುಣಕ್ಕ: ‘ಎದೆ ಬಡಿತದ ಲಯಕ್ಕೆ ತಕ್ಕಂತೆ ತಲೆಯೊಳಗೆ ಬಡಿದಂತೆ’ ಒಂದು ಆಯ್ಕೆ, ‘ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಂತೆ’ ಇನ್ನೊಂದು. ‘ಪಟಪಟ’, ‘ಧಗಧಗ’ ಅಂದ್ರ ಉರಿನೂ ಆಗ್ತದ, ಬಡಿತನೂ ಆಗ್ತದ, ಬಿಡ್ರಿ ಅದನ್ನ.

‘ಬೆಳಕಿಗೆ ಸಂವೇದನಾಶೀಲತೆ’ ಅಂದ್ರ ಯಾರಿಗೂ ತಿಳೂದಿಲ್ಲ. ‘ನೋವು ಬಂದಾಗ ಲೈಟ್ ಆರಿಸಿ, ಕಿಟಕಿ ಮುಚ್ಚಿ ಮಲಗಬೇಕು ಅನಿಸುತ್ತದೆಯೇ?’ ಅಂತ ಕೇಳ್ರಿ. ಸಪ್ಪಳಕ್ಕ: ‘ಪಕ್ಕದವರು ಮಾತಾಡಿದರೂ, ಫ್ಯಾನ್ ಸದ್ದಾದರೂ ಸಹಿಸಲು ಆಗುವುದಿಲ್ಲವೇ?’ ‘ವಾಕರಿಕೆ’ ಶಬ್ದ ಒಂದನ್ನ ಇಟ್ರ ವಾಂತಿ ಆದವರಷ್ಟ ಹೌದು ಅಂತಾರ. ‘ಹೊಟ್ಟೆ ತೊಳಸಿದಂತೆ ಆಗುವುದು, ಊಟ ಕಂಡರೆ ಬೇಡವೆನಿಸುವುದು’ ಅಂತ ಬಿಡಿಸಿ ಬರೀರಿ.

ಇನ್ನೊಂದು ‘ಪಿತ್ತ’. ಹೊಟ್ಟಿ ತೊಳಸಿ, ವಾಂತಿ ಆಗಿ, ತಲಿ ಸಿಡದ್ರ ಮನ್ಯಾಗ ಅವ್ವ ಅನ್ನೂದು ‘ಪಿತ್ತ ಏರೇತಿ, ಲಿಂಬಿಹಣ್ಣಿನ ಪಾನಕ ಕುಡಿ’. ಹುಡುಗ ಫಾರ್ಮಿನ್ಯಾಗ ‘ತಲೆನೋವು: ಇಲ್ಲ. ಪಿತ್ತ: ಹೌದು’ ಅಂತ ಬರದರ ನಿಮ್ಮ ಛಲೋ ಮೈಗ್ರೇನ್ ಪ್ರಕರಣನ ಕೈ ತಪ್ಪಿ ಹೋತು. ‘ನಿಮ್ಮ ಮನೆಯಲ್ಲಿ ಈ ನೋವನ್ನು ಏನೆಂದು ಕರೆಯುತ್ತಾರೆ?’ ಅಂತ ಒಂದು ಖಾಲಿ ಗೆರಿ ಬಿಡ್ರಿ. ಆ ಒಂದ ಗೆರಿಯಿಂದ ನಿಮಗ ಎಷ್ಟ ವಿಷಯ ಸಿಗ್ತದ ಅಂದ್ರ ಪ್ರಬಂಧದಾಗ ಒಂದು ಅಧ್ಯಾಯ ಆಗ್ತದ.

ತರ್ಜುಮಿ ಮಾಡೂ ಕ್ರಮ: ಇಬ್ಬರು ಬ್ಯಾರೆ ಬ್ಯಾರೆ ಕೂತು ಕನ್ನಡ ಮಾಡಬೇಕು, ಕೂಡಿ ಒಂದ ಪ್ರತಿ ಮಾಡಬೇಕು. ಮೂಲ ನೋಡದ ಮೂರನೇದವರು ಅದನ್ನ ತಿರುಗಿ ಇಂಗ್ಲಿಷಿಗೆ ಮಾಡಬೇಕು. ಆಮ್ಯಾಲೆ ಹತ್ತ-ಹದಿನೈದು ವಿದ್ಯಾರ್ಥಿಗಳನ್ನ ಕೂಡಿಸಿ ‘ಈ ಪ್ರಶ್ನಿ ಏನ ಕೇಳತದ, ನಿಮ್ಮ ಮಾತಿನ್ಯಾಗ ಹೇಳ್ರಿ’ ಅನ್ನಬೇಕು. ಕಲಬುರ್ಗಿ, ಧಾರವಾಡ, ಹಾಸನ, ಕರಾವಳಿ ಎಲ್ಲಾ ಕಡೆಯವರು ಆ ಗುಂಪಿನ್ಯಾಗ ಇರಲಿ. ಕೊನೀ ಹೆಜ್ಜಿನ ಎಲ್ಲಾರೂ ಬಿಡೂದು.

ಕಡತ_ಕೈಲಿ

ಇಬ್ಬರಿಗೂ ತುಂಬಾ ಧನ್ಯವಾದ. ‘ಪಿತ್ತ’ದ ವಿಷಯ ಹೊಳೆದೇ ಇರಲಿಲ್ಲ. ಐಡಿ-ಮೈಗ್ರೇನ್ ಪ್ರಶ್ನೆ ಹಾಗೇ ಉಳಿಯಿತು. ಮಾತ್ರೆಗಳ ಬಗ್ಗೆಯೂ ಕೇಳಬೇಕು ಅಂತ ಗೈಡ್ ಹೇಳಿದ್ದಾರೆ; ಏನು ಕೇಳಲಿ?

ನರ_ನಾಡಿ

ಐಡಿ-ಮೈಗ್ರೇನ್ ಜರಡಿ, ಅಷ್ಟೆ. ಮೂರು ಪ್ರಶ್ನೆ: ನೋವಿನ ಜತೆ ಹೊಟ್ಟೆ ತೊಳಸುತ್ತಾ, ಬೆಳಕು ತೊಂದರೆ ಕೊಡುತ್ತಾ, ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ಕೆಲಸ-ಓದು ಕೆಟ್ಟಿದೆಯಾ. ಎರಡಕ್ಕೆ ಹೌದು ಅಂದರೆ ಪಾಸಿಟಿವ್. 2003ರ ಮೂಲ ಅಧ್ಯಯನದಲ್ಲಿ ಸೂಕ್ಷ್ಮತೆ (ಮೈಗ್ರೇನ್ ಇದ್ದವರಲ್ಲಿ ಹಿಡಿಯುವ ಪಾಲು) 0.81, ನಿರ್ದಿಷ್ಟತೆ (ಇಲ್ಲದವರನ್ನು ಇಲ್ಲ ಅನ್ನುವ ಪಾಲು) 0.75.

ಇದನ್ನೇ ರೋಗನಿರ್ಣಯ ಅಂತ ಬರೆದರೆ ಏನಾಗುತ್ತದೆ ನೋಡಿ. ತಲೆನೋವಿರುವ 400 ವಿದ್ಯಾರ್ಥಿಗಳು, ಅವರಲ್ಲಿ 100 ಮಂದಿಗೆ ನಿಜವಾದ ಮೈಗ್ರೇನ್. ಜರಡಿ 81 ಮಂದಿಯನ್ನು ಹಿಡಿಯುತ್ತದೆ. ಉಳಿದ 300ರಲ್ಲಿ ಕಾಲು ಭಾಗ, 75 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಒಟ್ಟು 156, ಅಂದರೆ ಶೇ 39. ನಿಜ ಶೇ 25. ಸಂಖ್ಯೆಯನ್ನು ಹಿಂದಕ್ಕೆ ತರುವ ದಾರಿ ಇದೆ: ಸಿಕ್ಕ ಪ್ರಮಾಣಕ್ಕೆ ನಿರ್ದಿಷ್ಟತೆ ಕೂಡಿಸಿ 1 ಕಳೆಯಿರಿ, ಸೂಕ್ಷ್ಮತೆ, ನಿರ್ದಿಷ್ಟತೆ ಎರಡನ್ನೂ ಕೂಡಿಸಿ 1 ಕಳೆದು ಅದರಿಂದ ಭಾಗಿಸಿ. 0.39 + 0.75 − 1 ಅಂದರೆ 0.14, ಅದನ್ನು 0.56ರಿಂದ ಭಾಗಿಸಿದರೆ 0.25. ಆದರೆ ಆ 0.81, 0.75 ಅಮೆರಿಕದ ಕ್ಲಿನಿಕ್‌ಗೆ ಬಂದವರದ್ದು. ನಿಮ್ಮ ಕನ್ನಡ ಫಾರ್ಮಿನ ಸೂಕ್ಷ್ಮತೆ ಬೇರೆಯೇ ಇರುತ್ತದೆ. ಪಾಸಿಟಿವ್ ಬಂದವರಲ್ಲಿ 30, ನೆಗೆಟಿವ್ ಬಂದವರಲ್ಲಿ 30 ಮಂದಿಯನ್ನು ಚೀಟಿ ಎತ್ತಿ, ಒಬ್ಬ ನ್ಯೂರಾಲಜಿಸ್ಟ್ ಫಾರ್ಮ್ ನೋಡದೆ ಮಾತಾಡಿಸಲಿ. ಆಗ ನಿಮ್ಮದೇ ಅಂಕಿ ಸಿಗುತ್ತದೆ.

ಅದಕ್ಕಿಂತ ಸರಿಯಾದ್ದು ಐಸಿಎಚ್‌ಡಿ-3ರ (ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ) ಮಾನದಂಡವನ್ನು ಪೂರ್ತಿ ಕೇಳುವುದು, ಆರೇಳು ಪ್ರಶ್ನೆ ಜಾಸ್ತಿ ಆಗುತ್ತದೆ ಅಷ್ಟೆ. ಔರಾ (ನೋವಿಗೆ ಮುಂಚೆ ಬರುವ ಕಣ್ಣಿನ ತೊಂದರೆಯಂಥ ಸೂಚನೆ) ಇಲ್ಲದ ಮೈಗ್ರೇನ್‌ಗೆ ಕನಿಷ್ಠ 5 ಸಲ ಬಂದಿರಬೇಕು, ಔಷಧಿ ಇಲ್ಲದೆ ಬಿಟ್ಟರೆ 4ರಿಂದ 72 ಗಂಟೆ ಇರಬೇಕು. ಒಂದು ಕಡೆ, ಬಡಿತ, ಮಧ್ಯಮ ಅಥವಾ ತೀವ್ರ, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು – ಈ ನಾಲ್ಕರಲ್ಲಿ ಎರಡು ಇರಬೇಕು. ಜತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ ಇರಬೇಕು, ಇಲ್ಲವೆ ಬೆಳಕು ಮತ್ತು ಸದ್ದು ಎರಡೂ ತಡೆಯದಂತಾಗಬೇಕು. ಬಿಗಿತದ ತಲೆನೋವು 30 ನಿಮಿಷದಿಂದ 7 ದಿನದವರೆಗೆ, ಸಾಮಾನ್ಯವಾಗಿ ಎರಡೂ ಕಡೆ, ಒತ್ತಿದ ಹಾಗೆ, ನಡೆದರೆ ಹೆಚ್ಚಾಗದು, ಹೊಟ್ಟೆ ತೊಳಸದು.

ಇಲ್ಲಿ ಎರಡು ಕಡೆ ಜಾರುತ್ತಾರೆ. ‘ಎಷ್ಟು ಹೊತ್ತು ಇರುತ್ತೆ?’ ಅಂದರೆ ‘ಒಂದು ಗಂಟೆ’ ಅನ್ನುತ್ತಾರೆ, ಏಕೆಂದರೆ ಮಾತ್ರೆ ನುಂಗಿರುತ್ತಾರೆ. ‘ಮಾತ್ರೆ ತಗೊಳ್ಳದಿದ್ದರೆ ಎಷ್ಟು ಹೊತ್ತು?’ ಅಂತ ಪ್ರತ್ಯೇಕ ಕೇಳಿ. ನಿದ್ದೆ ಹೋಗಿ ಎದ್ದಾಗ ನೋವಿಲ್ಲದಿದ್ದರೆ, ಎದ್ದ ಹೊತ್ತಿನವರೆಗೂ ಲೆಕ್ಕ. ಎರಡನೆಯದು ಔರಾ. ‘ಕಣ್ಣು ಕತ್ತಲೆ ಬರುತ್ತಾ?’ ಅಂದರೆ ತಿಂಡಿ ತಿನ್ನದೆ ಎದ್ದು ನಿಂತು ಕಣ್ಣು ಕತ್ತಲಿಟ್ಟವರೆಲ್ಲ ಹೌದು ಅಂತಾರೆ. ಬೇಕಾದ್ದು ನಿಧಾನವಾಗಿ ಹರಡುವ ಅಂಕುಡೊಂಕು ಹೊಳಪಿನ ಗೆರೆ, ಅಥವಾ ನೋಟದ ಒಂದು ಭಾಗ ಮಾಯವಾಗುವುದು. ಅದೂ 5ರಿಂದ 60 ನಿಮಿಷ.

ವರ್ಗ ಮಾಡುವ ಕ್ರಮ ತಪ್ಪಿದರೆ ಎಲ್ಲ ಕಲಸುಮೇಲೋಗರ. ಮೊದಲು ತಿಂಗಳಿಗೆ 15 ದಿನ ಅಥವಾ ಹೆಚ್ಚು ನೋವಿರುವವರನ್ನು ಬೇರೆ ಎತ್ತಿಡಿ. ಉಳಿದವರಲ್ಲಿ ಖಚಿತ ಮೈಗ್ರೇನ್, ಆಮೇಲೆ ಖಚಿತ ಬಿಗಿತದ ತಲೆನೋವು, ಆಮೇಲೆ ಒಂದು ಮಾನದಂಡ ಮಾತ್ರ ಕಡಿಮೆ ಬಿದ್ದ ಸಂಭಾವ್ಯ ಮೈಗ್ರೇನ್, ಕೊನೆಗೆ ಸಂಭಾವ್ಯ ಬಿಗಿತದ್ದು. ಹಲವು ಬಗೆ ಇರುವವರಿಗೆ ‘ನಿಮ್ಮನ್ನು ಹೆಚ್ಚು ಕಾಡುವ ಒಂದು ಬಗೆಯ ಬಗ್ಗೆ ಮಾತ್ರ ಹೇಳಿ’ ಅನ್ನಬೇಕು, ಇಲ್ಲದಿದ್ದರೆ ಎರಡರ ಲಕ್ಷಣ ಬೆರೆತು ಮೂರನೆಯದೊಂದು ಹುಟ್ಟುತ್ತದೆ.

‘ಸೈನಸ್ ತಲೆನೋವು’ ಅಂತ ಬರೆದುಕೊಂಡವರನ್ನು ಕೈಬಿಡಬೇಡಿ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಮಗೆ ಸೈನಸ್ ತಲೆನೋವು ಎಂದುಕೊಂಡಿದ್ದ ಅಥವಾ ವೈದ್ಯರು ಹಾಗೆ ಹೇಳಿದ್ದ 2,991 ಮಂದಿಯಲ್ಲಿ ಶೇ 88ರಷ್ಟು ಜನರ ಲಕ್ಷಣ ಮೈಗ್ರೇನ್ ಬಗೆಯದ್ದಾಗಿತ್ತು.

ಸಮೀಕ್ಷೆ ಮಾಡುವಾಗ ಅಪಾಯದ ಲಕ್ಷಣ ಇರುವವರು ಸಿಕ್ಕೇ ಸಿಗುತ್ತಾರೆ, ಅದಕ್ಕೆ ಮೊದಲೇ ದಾರಿ ಮಾಡಿಟ್ಟುಕೊಳ್ಳಿ. ಒಂದು ನಿಮಿಷದೊಳಗೆ ಸಿಡಿಲು ಬಡಿದ ಹಾಗೆ ತುತ್ತತುದಿಗೇರುವ ನೋವು, ಜ್ವರದ ಜತೆ ಕತ್ತು ಸೆಟೆಯುವುದು, ಫಿಟ್ಸ್, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು – ಇವರನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಈ ವಯಸ್ಸಿನಲ್ಲಿ ಮರೆಯಬಾರದ್ದು ಇನ್ನೊಂದಿದೆ: ತೂಕ ಏರಿರುವ ಹುಡುಗಿ, ಬಗ್ಗಿದರೆ ಕ್ಷಣಕಾಲ ಕಣ್ಣು ಮಸುಕು, ಕಿವಿಯಲ್ಲಿ ನಾಡಿಯ ಸದ್ದು. ಮಿದುಳಿನ ಸುತ್ತಲ ದ್ರವದ ಒತ್ತಡ ಏರಿರಬಹುದು. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್ ತಗೊಳ್ಳುತ್ತಿದ್ದಾರಾ ಕೇಳಿ, ಅವೂ ಇದನ್ನು ತರಬಲ್ಲವು. ಕಣ್ಣಿನ ಹಿಂಭಾಗ ನೋಡಿಸದೆ ಬಿಟ್ಟರೆ ದೃಷ್ಟಿಗೇ ಸಂಚಕಾರ.

ಗುಳಿಗೆ_ಡಬ್ಬಿ

ಮಾತ್ರೆ ಬಗ್ಗೆ: ‘ತಿಂಗಳಿಗೆ ಎಷ್ಟು ಮಾತ್ರೆ?’ ಅಂತ ಕೇಳಬೇಡಿ, ‘ತಿಂಗಳಲ್ಲಿ ಎಷ್ಟು ದಿನ ಮಾತ್ರೆ?’ ಅಂತ ಕೇಳಿ. ಒಂದೇ ದಿನ ಮೂರು ನುಂಗಿದವರಿಗಿಂತ ಹತ್ತು ದಿನ ಒಂದೊಂದು ನುಂಗಿದವರ ಬಗ್ಗೆ ಹೆಚ್ಚು ಯೋಚಿಸಬೇಕು. ಅತಿ ಬಳಕೆಯಿಂದ ಬರುವ ತಲೆನೋವಿನ ಗೆರೆ ಹೀಗಿದೆ: ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದ ಒಂಟಿ ಔಷಧಿ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಎರ್ಗೊಟಮೈನ್ (ಎರಡೂ ಮೈಗ್ರೇನಿನ ಔಷಧಿ), ಓಪಿಯಾಯ್ಡ್ (ಅಫೀಮು ಬಗೆಯ ನೋವುನಿವಾರಕ) ಅಥವಾ ಬೆರಕೆ ಮಾತ್ರೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ, ಜತೆಗೆ ತಿಂಗಳಿಗೆ 15 ದಿನ ನೋವು.

ಬೆರಕೆ ಯಾವುದು ಅಂತ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸ್ಯಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಮೂರಿವೆ, ಹಾಗಾಗಿ ಅದಕ್ಕೆ 10 ದಿನದ ಗೆರೆ. ಡೋಲೊ 650 ಬರೀ ಪ್ಯಾರಾಸಿಟಮಾಲ್, ಅದಕ್ಕೆ 15. ಆದ್ದರಿಂದ ಹೆಸರು ಬರೆಸಿಕೊಳ್ಳಿ, ಇಲ್ಲವೆ ಸಾಮಾನ್ಯ ಸ್ಟ್ರಿಪ್‌ಗಳ ಫೋಟೊ ತೋರಿಸಿ ಗುರುತು ಹಾಕಿಸಿ. ‘ನೀಲಿ ಪಟ್ಟಿಯದ್ದು’, ‘ಅಂಗಡಿಯವರು ಕೊಟ್ಟದ್ದು’ ಅಂತಲೇ ಬರೆಯುವವರು ಹೆಚ್ಚು. ಮುಟ್ಟಿನ ನೋವಿಗೆ, ಜ್ವರಕ್ಕೆ, ಬೆನ್ನಿಗೆ ನುಂಗಿದ್ದೂ ಈ ದಿನಗಳ ಲೆಕ್ಕಕ್ಕೆ ಸೇರುತ್ತದೆ. ‘ತಲೆನೋವಿಗಾಗಿ’ ಅಂತ ಮಾತ್ರ ಕೇಳಿದರೆ ಅದು ತಪ್ಪಿಹೋಗುತ್ತದೆ. ಹಣೆಗೆ ಹಚ್ಚುವ ಅಮೃತಾಂಜನದಂಥವು ಈ ಲೆಕ್ಕಕ್ಕಿಲ್ಲ, ಆದರೂ ಪ್ರತ್ಯೇಕ ಗೆರೆ ಇಡಿ. ಮಾತ್ರೆ ನುಂಗದೆ ಬಾಮ್‌ನಲ್ಲೇ ಕಳೆಯುವವರು ಎಷ್ಟೆಂದು ತಿಳಿಯುತ್ತದೆ.

ಕಾಫಿ-ಟೀ ಕೂಡ ಇಲ್ಲೇ ಕೇಳಿ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನಕ್ಕೆ 200 ಮಿಲಿಗ್ರಾಂ ಮೀರಿ ಕೆಫೀನ್ ತಗೊಂಡವರು ಒಮ್ಮೆಲೇ ನಿಲ್ಲಿಸಿದರೆ 24 ಗಂಟೆಯೊಳಗೆ ತಲೆನೋವು ಬರಬಹುದು. ಮತ್ತೆ 100 ಮಿಲಿಗ್ರಾಂ ತಗೊಂಡರೆ ಒಂದು ಗಂಟೆಯಲ್ಲಿ ಇಳಿಯುತ್ತದೆ, ಕುಡಿಯದೇ ಬಿಟ್ಟರೂ ಏಳು ದಿನದೊಳಗೆ ಹೋಗುತ್ತದೆ. ರಾತ್ರಿ ಓದಿಗೆ ಎನರ್ಜಿ ಡ್ರಿಂಕ್ ಕುಡಿದು, ರಜೆಗೆ ಊರಿಗೆ ಹೋಗಿ ಎರಡು ದಿನ ಕುಡಿಯದವರ ‘ರಜೆಯ ತಲೆನೋವು’ ಎಷ್ಟೋ ಸಲ ಇದೇ. ಕಾಫಿ, ಟೀ, ಕೋಲಾ, ಎನರ್ಜಿ ಡ್ರಿಂಕ್ ಬೇರೆ ಬೇರೆ ಕಾಲಂ. ‘ಲೋಟ’ ಅಂದರೆ ಹಾಸ್ಟೆಲ್ಲಿನ ಉಕ್ಕಿನ ಲೋಟವೋ ಪೇಪರ್ ಕಪ್ಪೋ ಅಂತಲೂ ಹೇಳಿ.

ಛೇದ_ಮುಖ್ಯ

ಕಾರಣಗಳ ಪಟ್ಟಿ ಮಾಡುವಾಗ ವಿದೇಶಿ ಪ್ರಶ್ನಾವಳಿಯಿಂದ ರೆಡ್ ವೈನ್, ಚೀಸ್ ಹಾಗೇ ಎತ್ತಿ ಹಾಕಿರುವುದನ್ನು ಕಾಣುತ್ತೇವೆ. ಅಲ್ಲಿ ಇಲ್ಲದ ನಮ್ಮದೊಂದು ಇದೆ: ತಲೆಸ್ನಾನ. ಮುಂಬೈನ ಡಾ. ಕೆ. ರವಿಶಂಕರ್ 2006ರಲ್ಲಿ, ತಲೆಗೆ ಸ್ನಾನ ಮಾಡಿದಾಗ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ ಬರೆದರು. ಉದ್ದ ಕೂದಲು, ಒಣಗದೆ ಕಟ್ಟಿಕೊಂಡು ತರಗತಿಗೆ ಓಡುವುದು, ಹಾಸ್ಟೆಲ್ಲಿನ ತಣ್ಣೀರು – ಇವನ್ನು ಕೇಳಿ. ಬಿಸಿಲಲ್ಲಿ ನಡೆಯುವುದು, ಬಸ್ ಪ್ರಯಾಣ, ತಿಂಡಿ ತಪ್ಪುವುದು, ನಿದ್ದೆಗೇಡು ಕೂಡ ಇರಲಿ. ಉಪವಾಸಕ್ಕೂ ಮಾನದಂಡ ಇದೆ: 8 ಗಂಟೆಯಾದರೂ ಊಟವಿಲ್ಲದೆ ಇದ್ದಾಗ ಬಂದು, ಊಟವಾದ ಮೇಲೆ ಸಾಕಷ್ಟು ಇಳಿಯಬೇಕು. ಸಮೀಕ್ಷೆ ರಂಜಾನ್ ತಿಂಗಳಲ್ಲಿ ಬಿದ್ದರೆ, ಅಥವಾ ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ಎರಡು ವಾರದಲ್ಲಿ ಬಿದ್ದರೆ ‘ನಿನ್ನೆ’ಯ ಸಂಖ್ಯೆ ಹಿಗ್ಗುತ್ತದೆ. ದಿನಾಂಕಗಳನ್ನು ಪ್ರಬಂಧದಲ್ಲಿ ಬರೆಯಿರಿ. ಸಾಧ್ಯವಾದರೆ ಸೆಮಿಸ್ಟರ್ ನಡುವೆ ಒಮ್ಮೆ, ಪರೀಕ್ಷೆ ಹೊತ್ತಿಗೆ ಒಮ್ಮೆ ಎರಡು ಸುತ್ತು ಮಾಡಿ.

ಒಂದೇ ಸಲ ಕೇಳಿದ ಸಮೀಕ್ಷೆಯಿಂದ ‘ನಿದ್ದೆ ಕಡಿಮೆ ಆದ್ದರಿಂದ ತಲೆನೋವು’ ಅಂತ ಬರೆಯುವಂತಿಲ್ಲ. ತಲೆನೋವಿದ್ದವರಿಗೂ ನಿದ್ದೆ ಬರುವುದಿಲ್ಲ. ಚಾಕೊಲೇಟ್ ಕೂಡ ಹಾಗೆ; ನೋವು ಶುರುವಾಗುವ ಮುನ್ನ ಸಿಹಿ ತಿನ್ನಬೇಕೆನಿಸುವುದು ಮೈಗ್ರೇನಿನ ಮುನ್ಸೂಚನೆಯೇ ಇರಬಹುದು. ‘ಒಟ್ಟಿಗೆ ಕಂಡಿದೆ’ ಅನ್ನುವಷ್ಟಕ್ಕೆ ನಿಲ್ಲಿ.

ಕರ್ನಾಟಕದ ಅಧ್ಯಯನದಲ್ಲಿ ಮೈಗ್ರೇನ್ ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಸುಮಾರು ಒಂದೂವರೆ ಪಟ್ಟು. ‘ಪಟ್ಟಣಕ್ಕೆ ಬಂದು ಮೊಬೈಲ್ ನೋಡಿ ತಲೆನೋವು’ ಅನ್ನುವ ಜನಪ್ರಿಯ ಮಾತಿಗೆ ಇದು ಹೊಂದುವುದಿಲ್ಲ. ವಿದ್ಯಾರ್ಥಿ ಪಿಯುಸಿವರೆಗೆ ಎಲ್ಲಿ ಓದಿದ್ದು ಅಂತ ಒಂದು ಪ್ರಶ್ನೆ ಸೇರಿಸಿದರೆ ನಿಮ್ಮ ಕ್ಯಾಂಪಸ್ಸಿನಲ್ಲೂ ಅದನ್ನು ನೋಡಬಹುದು.

ಮುಟ್ಟಿನ ಪ್ರಶ್ನೆ ಕಾಗದದಲ್ಲಿ ತಾವೇ ತುಂಬುವ ಭಾಗದಲ್ಲಿರಲಿ, ಎದುರು ಕೂತು ಕೇಳುವುದು ಬೇಡ. ಮುಟ್ಟಿನ ಮೊದಲ ದಿನಕ್ಕೆ ಎರಡು ದಿನ ಹಿಂದಿನಿಂದ ಮುಟ್ಟಿನ ಮೂರನೇ ದಿನದವರೆಗೆ, ಮೂರು ಚಕ್ರದಲ್ಲಿ ಎರಡರಲ್ಲಾದರೂ ಬರುತ್ತಾ ಅನ್ನುವುದು ಮಾನದಂಡ.

ನೈತಿಕ ಸಮಿತಿಯ ಒಪ್ಪಿಗೆ ಬರುವ ಮುಂಚೆ ಒಂದು ಫಾರ್ಮೂ ಹಂಚಬೇಡಿ, ಪೈಲಟ್‌ಗೂ ಒಪ್ಪಿಗೆ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 18 ತುಂಬದವರಿಗೆ ಪೋಷಕರ ಒಪ್ಪಿಗೆ ಮತ್ತು ಅವರ ಸ್ವಂತ ಸಮ್ಮತಿ ಎರಡೂ ಬೇಕು. ಮೊದಲ ವರ್ಷದಲ್ಲಿ 17ರವರು ಇರುತ್ತಾರೆ. ಖಿನ್ನತೆ, ಆತಂಕದ ಪ್ರಶ್ನೆ ಸೇರಿಸುವುದಾದರೆ ಫಾರ್ಮಿನ ಕೆಳಗೆ ಟೆಲಿ-ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅಚ್ಚು ಹಾಕಿಸಿ.

ಕಡತ_ಕೈಲಿ

ಪೈಲಟ್‌ಗೆ ಒಪ್ಪಿಗೆ ತಗೊಂಡಿದ್ದೆ, ಆದರೆ 18ರ ವಿಷಯ ಅದರಲ್ಲಿ ಇರಲಿಲ್ಲ; ತಿದ್ದುಪಡಿ ಹಾಕ್ತೇನೆ. ಕೊನೆಯದಾಗಿ, ಓದಿನ ಮೇಲೆ ಆದ ಪರಿಣಾಮ ಅಳೆಯೋಕೆ ಮಿಡಾಸ್ (ಮೈಗ್ರೇನಿನಿಂದ ಕೆಟ್ಟ ದಿನಗಳನ್ನು ಎಣಿಸುವ ಪ್ರಶ್ನಾವಳಿ) ಬಳಸಬಹುದಾ? ಅದರಲ್ಲಿ ‘ಕೆಲಸ’, ‘ಮನೆಗೆಲಸ’ ಅಂತಿದೆ. ಹಾಸ್ಟೆಲ್ಲಿನವರಿಗೆ ಮನೆಗೆಲಸ ಎಲ್ಲಿ?

ನರ_ನಾಡಿ

ಬಳಸಬಹುದು, ಮಿಡಾಸ್‌ನ ಮೊದಲ ಪ್ರಶ್ನೆಯಲ್ಲೇ ಕೆಲಸದ ಜತೆ ಶಾಲೆ ಇದೆ. ಐದು ಪ್ರಶ್ನೆ, ಕಳೆದ ಮೂರು ತಿಂಗಳ ದಿನಗಳ ಮೊತ್ತ. 0–5 ಇಲ್ಲವೆನ್ನುವಷ್ಟು, 6–10 ಅಲ್ಪ, 11–20 ಮಧ್ಯಮ, 21 ಅಥವಾ ಹೆಚ್ಚಾದರೆ ತೀವ್ರ. ಮನೆಗೆಲಸದ ಜಾಗದಲ್ಲಿ ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು ಅಂತ ಉದಾಹರಣೆ ಕೊಡಿ. ಪ್ರಶ್ನೆ ತೆಗೆದುಹಾಕಬೇಡಿ; ತೆಗೆದರೆ ಈ ಗೆರೆಗಳೇ ಅನ್ವಯಿಸುವುದಿಲ್ಲ. ತರಗತಿಗೆ ಹೋಗಿಯೂ ಏನೂ ತಲೆಗೆ ಹತ್ತದ ದಿನಗಳು ಎರಡನೇ ಪ್ರಶ್ನೆಗೆ ಸೇರುತ್ತವೆ. ಹಾಜರಾತಿ ಕಡ್ಡಾಯ ಇರುವ ಕಡೆ ಗೈರು ಕಡಿಮೆ ಕಾಣುತ್ತದೆ, ಹೊರೆ ಪೂರ್ತಿ ಈ ಎರಡನೇ ಪ್ರಶ್ನೆಯಲ್ಲೇ ಕೂತಿರುತ್ತದೆ.

ಸಾಧನಕೇರಿ_ಕಟ್ಟಿ

ಆ ಎರಡನೇ ಪ್ರಶ್ನಿಗೆ ‘ಕಾರ್ಯಕ್ಷಮತೆ ಶೇ 50ಕ್ಕಿಂತ ಕಡಿಮೆಯಾದ ದಿನಗಳು’ ಅಂತ ಬರೀಬ್ಯಾಡ್ರಿ ಮತ್ತ. ‘ತರಗತಿಯಲ್ಲಿ ಕೂತಿದ್ದರೂ ಅರ್ಧದಷ್ಟೂ ಓದು-ಬರಹ ಸಾಗದ ದಿನಗಳು ಎಷ್ಟು?’ ಅಂದ್ರ ಆತು.